ಸ್ಟಿಕ್ ವ್ಯಾಕ್ಯೂಮ್ ನಮ್ಮ ಮನೆಗೆ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮಲ್ಲಿ ಈಗಿರುವುದು ವೈರ್ ಇರುವ ದೊಡ್ಡ ವ್ಯಾಕ್ಯೂಮ್ ಕ್ಲೀನರ್. ಅದನ್ನು ಎಳೆದಾಡುವುದಕ್ಕೆ ಬೇಸರವಾಗಿ ತಿಂಗಳಿಗೊಮ್ಮೆ ಹೊರಗೆ ತೆಗೆದರೆ ಹೆಚ್ಚು. ಅದನ್ನು ಕೊಟ್ಟುಬಿಟ್ಟು, ವೈರ್ ಇಲ್ಲದೆ ಬ್ಯಾಟರಿಯಲ್ಲಿ ಓಡುವ ಕೋಲಿನಂಥ ಸ್ಟಿಕ್ ವ್ಯಾಕ್ಯೂಮ್ ತೆಗೆದುಕೊಂಡರೆ ಸಾಕಾಗುತ್ತದೆಯೇ? ಮನೆ ಸುಮಾರು 600 ಚದರ ಅಡಿ. ಹೆಚ್ಚಿನ ಕಡೆ ಟೈಲ್ಸ್, ಒಂದು ಕೋಣೆಯಲ್ಲಿ ದಪ್ಪ ಕಾರ್ಪೆಟ್. ಬೆಕ್ಕೂ ಇದೆ.

ಉತ್ತರ: ಟೈಲ್ಸ್ ನೆಲಕ್ಕೆ ಸಾಕಾಗುತ್ತದೆ, ದಿನವೂ ಇಲ್ಲವೇ ದಿನ ಬಿಟ್ಟು ದಿನ ಅದನ್ನು ಕೈಗೆತ್ತಿಕೊಳ್ಳುವುದಾದರೆ. ಸ್ಟಿಕ್ ವ್ಯಾಕ್ಯೂಮ್ ಇರುವುದೇ ಸ್ವಲ್ಪ ಸ್ವಲ್ಪ ಕಸವನ್ನು ಆಗಾಗ ತೆಗೆಯುವುದಕ್ಕೆ. ಹದಿನೈದು ದಿನದ ಧೂಳನ್ನು ಕೂಡಿಟ್ಟು ಒಂದೇ ಸಲ ತೆಗೆಯುವ ರೂಢಿ ಇರುವ ಮನೆಯಲ್ಲಿ ಅದು ಸೋಲುತ್ತದೆ: ಡಬ್ಬಿ ನಡುವೆಯೇ ತುಂಬುತ್ತದೆ, ಕೊನೆಯ ಕೋಣೆ ತಲುಪುವ ಮೊದಲೇ ಬ್ಯಾಟರಿ ಕೈಕೊಡುತ್ತದೆ. ನಿಮ್ಮ ಕಾರ್ಪೆಟ್ ಕೋಣೆಯ ಮಾತು ಬೇರೆ. ಅದರ ಸಲುವಾಗಿ ಹಳೆಯ ಮೆಷಿನ್ನನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ.

ಮೊದಲು ಬ್ಯಾಟರಿಯ ಲೆಕ್ಕ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 60 ನಿಮಿಷ ಎಂದಿರುತ್ತದೆ. ಆ ಅಂಕಿ ಸಾಮಾನ್ಯವಾಗಿ ಅತಿ ಕಡಿಮೆ ವೇಗದಲ್ಲಿ, ತಿರುಗುವ ಬ್ರಷ್ ಇಲ್ಲದ ಸಣ್ಣ ಮೂತಿ ಹಾಕಿ ಓಡಿಸಿದಾಗ ಸಿಗುವುದು. ನೆಲ ಗುಡಿಸುವಾಗ ಬ್ರಷ್‌ಗೂ ಅದರದೇ ಒಂದು ಮೋಟಾರ್ ಇರುತ್ತದೆ, ಅದೂ ಅದೇ ಬ್ಯಾಟರಿಯಿಂದಲೇ ಕರೆಂಟ್ ಎಳೆಯುತ್ತದೆ.

ನಿಜವಾದ ಸಮಯವನ್ನು ನೀವೇ ಲೆಕ್ಕ ಹಾಕಬಹುದು. ಬ್ಯಾಟರಿಯ ಲೇಬಲ್ ಮೇಲೆ ವೋಲ್ಟ್ ಮತ್ತು ಆಂಪಿಯರ್-ಅವರ್ ಎರಡೂ ಇರುತ್ತವೆ. 3.6 ವೋಲ್ಟಿನ 6 ಲಿಥಿಯಂ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 21.6 ವೋಲ್ಟ್, 7 ಸೆಲ್ ಆದರೆ 25.2 ವೋಲ್ಟ್. 21.6 ವೋಲ್ಟ್, 2.5 ಆಂಪಿಯರ್-ಅವರ್ ಎಂದಿದ್ದರೆ ಎರಡನ್ನೂ ಗುಣಿಸಿ: 54 ವಾಟ್-ಅವರ್. ಅಷ್ಟೇ ನಿಮ್ಮ ಬಂಡವಾಳ. ಅದನ್ನು ಮೆಷಿನ್ ಎಳೆಯುವ ವಾಟಿನಿಂದ ಭಾಗಿಸಿದರೆ ಎಷ್ಟು ಗಂಟೆ ಓಡುತ್ತದೆ ಎಂದು ಸಿಗುತ್ತದೆ. ಮೆಷಿನ್ ಪೂರ್ತಿ ಜೋರಿನಲ್ಲಿ 400 ವಾಟ್ ಎಳೆದರೆ ಅದು 8 ನಿಮಿಷಕ್ಕೆ ಖಾಲಿ. ಮಧ್ಯಮ ವೇಗದಲ್ಲಿ ಬ್ರಷ್ ಮೋಟಾರೂ ಸೇರಿ 130 ವಾಟ್ ಆದರೆ 25 ನಿಮಿಷ. 55 ವಾಟಿನಲ್ಲಿ ಮೆಲ್ಲಗೆ ಓಡಿದರೆ ಮಾತ್ರ ಒಂದು ಗಂಟೆಯ ಹತ್ತಿರ ಬರುತ್ತದೆ. ನೀವು ನಂಬಬೇಕಾದದ್ದು ಮಧ್ಯಮ ವೇಗದ ಅಂಕಿಯನ್ನು, ಏಕೆಂದರೆ ದಿನನಿತ್ಯ ಓಡಿಸುವುದು ಅದರಲ್ಲೇ.

ಇನ್ನು ನಿಮ್ಮ ಮನೆಗೆ ಎಷ್ಟು ಹೊತ್ತು ಬೇಕು? ಮೂತಿಯ ಅಗಲ 25 ಸೆಂಟಿಮೀಟರ್ ಎಂದುಕೊಳ್ಳಿ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಮುಂದೆ ತಳ್ಳಿ, ಅದೇ ಜಾಗದ ಮೇಲೆ ಹಿಂದಕ್ಕೆ ಎಳೆದರೆ ನಿಮಿಷಕ್ಕೆ ಸುಮಾರು 40 ಚದರ ಅಡಿ ಆಗುತ್ತದೆ. ಅದು ಖಾಲಿ ಹಾಲ್‌ನ ಲೆಕ್ಕ. ಕುರ್ಚಿ ಸರಿಸುವುದು, ಮೇಜಿನ ಕಾಲು ಬಳಸುವುದು, ಮೂಲೆಗೆ ಎರಡು ಸಲ ಹೋಗುವುದು ಎಲ್ಲ ಸೇರಿದರೆ 20ರಿಂದ 25 ಚದರ ಅಡಿಗೆ ಇಳಿಯುತ್ತದೆ. 600 ಚದರ ಅಡಿಗೆ 24ರಿಂದ 30 ನಿಮಿಷ. ಮೇಲಿನ 54 ವಾಟ್-ಅವರ್ ಬ್ಯಾಟರಿ ಹೊಸದಿದ್ದಾಗಲೇ ಇದಕ್ಕೆ ಅಂಚಿನಲ್ಲಿ ನಿಲ್ಲುತ್ತದೆ.

ಬ್ಯಾಟರಿ ಹಳತಾಗುತ್ತದೆ ಎಂಬುದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಪೂರ್ತಿ ಇಳಿಯುವ ಹೊತ್ತಿಗೆ ಲಿಥಿಯಂ ಸೆಲ್‌ನ ಶಕ್ತಿ ಸಾಮಾನ್ಯವಾಗಿ ನೂರಕ್ಕೆ ಎಂಬತ್ತರ ಆಸುಪಾಸಿಗೆ ಬರುತ್ತದೆ. ಅಂದರೆ 25 ನಿಮಿಷದ್ದು 20ಕ್ಕೆ ಇಳಿಯುತ್ತದೆ. ದಿನವೂ ಪೂರ್ತಿ ಬಳಸುವವರಿಗೆ ಇದು ಒಂದೂವರೆ ವರ್ಷದಲ್ಲೇ ಎದುರಾಗಬಹುದು. ಹಾಗಾಗಿ ನಮ್ಮ ಅಳತೆ ಇದು: ನಿಮಗೆ ಬೇಕಾದ ಸಮಯ ಮಧ್ಯಮ ವೇಗದ ಸಮಯದ ಮೂರರಲ್ಲಿ ಎರಡು ಪಾಲನ್ನು ದಾಟಬಾರದು. ನಿಮ್ಮ ಮನೆ ಒಂದೇ ಸಲಕ್ಕೆ ಮುಗಿಯಬೇಕಾದರೆ ಮಧ್ಯಮ ವೇಗದಲ್ಲಿ 40ರಿಂದ 45 ನಿಮಿಷ ಓಡುವಂಥದ್ದನ್ನು ನೋಡಿ, ಇಲ್ಲವೇ ಒಂದು ದಿನ ಅರ್ಧ ಮನೆ, ಮರುದಿನ ಇನ್ನರ್ಧ ಎಂದು ಹಂಚಿಕೊಳ್ಳಿ. ಚಾರ್ಜ್ ಆಗಲು 3ರಿಂದ 5 ಗಂಟೆ ಹಿಡಿಯುವುದರಿಂದ ನಡುವೆ ಸ್ವಲ್ಪ ಚಾರ್ಜ್ ಮಾಡಿ ಮುಂದುವರಿಸುವ ಆಸೆ ಬೇಡ.

ಲೆಕ್ಕದ ಮೇಲೆ ಭರವಸೆ ಬಾರದಿದ್ದರೆ ಈಗಿರುವ ಮೆಷಿನ್‌ನಿಂದಲೇ ಒಮ್ಮೆ ಮನೆ ಸ್ವಚ್ಛ ಮಾಡಿ. ಮೋಟಾರ್ ಓಡುತ್ತಿರುವ ಹೊತ್ತನ್ನಷ್ಟೇ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಅದಕ್ಕಿಂತ ಒಳ್ಳೆಯ ಅಂಕಿ ಯಾವ ಪೆಟ್ಟಿಗೆಯ ಮೇಲೂ ಸಿಗುವುದಿಲ್ಲ.

ಪ್ಯಾಸ್ಕಲ್ ನೋಡಿ ಮರುಳಾಗಬೇಡಿ

25,000 ಪ್ಯಾಸ್ಕಲ್, 30,000 ಪ್ಯಾಸ್ಕಲ್ ಎಂಬ ಜಾಹೀರಾತುಗಳು ಹೇಳುವುದು ಎಳೆತದ ಒತ್ತಡವನ್ನು. ಮೂತಿಯನ್ನು ಪೂರ್ತಿ ಮುಚ್ಚಿ ಅಳೆದಾಗ ಅದು ಅತಿ ಹೆಚ್ಚು, ಆದರೆ ಆಗ ಒಳಗೆ ಗಾಳಿಯೇ ಹೋಗುತ್ತಿರುವುದಿಲ್ಲ. ಗಾಳಿ ಹರಿಯದೆ ಧೂಳೂ ಹೋಗದು. ಕೆಲಸ ಮಾಡುವುದು ಒತ್ತಡ ಮತ್ತು ಗಾಳಿಯ ಹರಿವು ಎರಡೂ ಸೇರಿ. ಎರಡನ್ನೂ ಸೇರಿಸಿ ಹೇಳುವ ಅಳತೆಯೇ ಏರ್‌ವಾಟ್. 10,000 ಪ್ಯಾಸ್ಕಲ್ ಒತ್ತಡದಲ್ಲಿ ಸೆಕೆಂಡಿಗೆ 10 ಲೀಟರ್ ಗಾಳಿ ಹೋದರೆ 100 ಏರ್‌ವಾಟ್. ಏರ್‌ವಾಟ್ ಕೊಟ್ಟಿದ್ದರೆ ಅದನ್ನು ಹೋಲಿಸಿ, ಅದೂ ಒಂದೇ ವೇಗದ ಅಂಕಿಗಳನ್ನು. ಬರೀ ಪ್ಯಾಸ್ಕಲ್ ಕೊಟ್ಟಿದ್ದರೆ ಅದನ್ನು ಬದಿಗಿಟ್ಟು ಮೂತಿಯ ಕಡೆ ನೋಡಿ.

ನೆಲವೇ ನಿರ್ಧರಿಸುವುದು

ಟೈಲ್ಸ್, ಕಲ್ಲು, ಮರದಂಥ ಗಟ್ಟಿ ನೆಲಕ್ಕೆ ಮೆತ್ತನೆಯ ರೋಲರ್ ಬೇಕು, ಮುಟ್ಟಿದರೆ ವೆಲ್ವೆಟ್ ಬಟ್ಟೆಯ ಹಾಗಿರುವಂಥದ್ದು. ಅದು ನೆಲಕ್ಕೆ ಒತ್ತಿಕೊಂಡು ತಿರುಗುತ್ತಾ ಹಿಟ್ಟಿನಂಥ ನುಣ್ಣನೆ ಧೂಳನ್ನೂ ಒರೆಸಿ ತೆಗೆಯುತ್ತದೆ. ಅಂಥ ಮೂತಿಯ ಮುಂಭಾಗ ತೆರೆದಿರುವುದರಿಂದ ದೊಡ್ಡ ಕಾಳು, ತುಣುಕುಗಳೂ ಒಳಗೆ ನುಗ್ಗುತ್ತವೆ. ಗಡುಸು ಕೂದಲಿನ ಬ್ರಷ್ ಇರುವ ಮೂತಿಯಲ್ಲಿ ಮುಂದೆ ಪ್ಲಾಸ್ಟಿಕ್ ಅಂಚು ತಗ್ಗಾಗಿರುತ್ತದೆ. ಗಟ್ಟಿ ನೆಲದ ಮೇಲೆ ಅದು ಕಾಳನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ, ಬ್ರಷ್‌ಗೆ ಸಿಕ್ಕಿದ್ದು ಹಿಂದಕ್ಕೆ ಚಿಮ್ಮಿ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಹಿಡಿ ಕಾಳು ಚೆಲ್ಲಿ ತೋರಿಸಲು ಹೇಳಿ. ಸಂಕೋಚ ಬೇಡ.

ಕಾರ್ಪೆಟ್ಟಿನಲ್ಲಿ ಎಲ್ಲವೂ ಉಲ್ಟಾ. ಅಲ್ಲಿ ಮೆತ್ತನೆಯ ರೋಲರ್ ಮೇಲ್ಮೈ ಸವರಿಕೊಂಡು ಹೋಗುತ್ತದೆಯೇ ಹೊರತು ಎಳೆಗಳ ನಡುವಿನ ಮಣ್ಣನ್ನು ಮುಟ್ಟುವುದಿಲ್ಲ. ಗಡುಸು ಬ್ರಷ್ ಬೇಕು, ಅದನ್ನು ತಿರುಗಿಸುವಷ್ಟು ಬಲವೂ ಬೇಕು. ಬೆರಳನ್ನು ಕಾರ್ಪೆಟ್ಟಿಗೆ ನೆಟ್ಟಗೆ ಊರಿ ನೋಡಿ: ಉಗುರು ಪೂರ್ತಿ ಮುಳುಗಿದರೆ, ಅಂದರೆ ಎಳೆಗಳು ಒಂದು ಸೆಂಟಿಮೀಟರಿಗಿಂತ ಎತ್ತರವಿದ್ದರೆ, ಸ್ಟಿಕ್ ವ್ಯಾಕ್ಯೂಮ್ ಒದ್ದಾಡುತ್ತದೆ. ಮೂತಿ ಕಾರ್ಪೆಟ್ಟಿಗೆ ಕಚ್ಚಿಕೊಂಡು ತಳ್ಳಲಾಗುವುದಿಲ್ಲ, ಬ್ರಷ್ ಸಿಕ್ಕಿಕೊಂಡಾಗ ಮೋಟಾರ್ ಸುಡದಿರಲೆಂದು ತಾನೇ ನಿಂತುಬಿಡುತ್ತದೆ. ಅದನ್ನು ಮೀರಿಸಲು ಜೋರಿಗೆ ಹಾಕಿದರೆ ಮತ್ತೆ ಅದೇ 8 ನಿಮಿಷದ ಕಥೆ. ಆ ಕೋಣೆಗೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ವೈರ್ ಇರುವ ಮೆಷಿನ್ನೇ ಇರಲಿ. ಒಂದೇ ಕೋಣೆಗಾದರೆ ಎಳೆದಾಡುವ ಬೇಸರವೂ ಅಷ್ಟಿರುವುದಿಲ್ಲ. ತೆಳುವಾದ ನೇಯ್ಗೆಯ ಹಾಸು, ಕಾಲೊರಸುಗಳಿಗೆ ಈ ತೊಂದರೆ ಇಲ್ಲ.

ಬೆಕ್ಕಿನ ಕೂದಲು ಎಲ್ಲಿ ಹೋಗುತ್ತದೆ

ಸ್ಟಿಕ್ ವ್ಯಾಕ್ಯೂಮ್‌ನ ಡಬ್ಬಿ ಸಾಮಾನ್ಯವಾಗಿ 0.3ರಿಂದ 0.8 ಲೀಟರ್. ಮಣ್ಣು, ಧೂಳಿಗೆ ಅದು ಎಷ್ಟೋ ದಿನ ಸಾಕು. ಬೆಕ್ಕಿನ ಕೂದಲು ಹತ್ತಿಯ ಹಾಗೆ ಉಬ್ಬಿ ಒಂದೆರಡು ಕೋಣೆಗೇ ಡಬ್ಬಿಯನ್ನು ತುಂಬಿಸುತ್ತದೆ. ಮುಚ್ಚಳ ತೆರೆದರೂ ಬೀಳುವುದಿಲ್ಲ. ಒಳಗಿರುವ ಜಾಲರಿಯ ಸುತ್ತ ಉಂಗುರದಂತೆ ಬಿಗಿದುಕೊಂಡಿರುತ್ತದೆ, ಬೆರಳು ಹಾಕಿ ಎಳೆಯಬೇಕು. ಡಬ್ಬಿಯ ಬಾಯಿಯೊಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗುತ್ತವೆಯೇ ಎಂದು ಅಂಗಡಿಯಲ್ಲೇ ನೋಡಿ.

ದೊಡ್ಡ ತೊಂದರೆ ರೋಲರ್‌ನ ತುದಿಯಲ್ಲಿದೆ. ನಡುವೆ ಸುತ್ತಿಕೊಂಡ ಕೂದಲು ಕಣ್ಣಿಗೆ ಕಾಣುತ್ತದೆ. ಅನೇಕ ರೋಲರ್‌ಗಳಲ್ಲಿ ಕತ್ತರಿ ಓಡಿಸಲೆಂದೇ ಉದ್ದಕ್ಕೆ ಒಂದು ಗೀರು ಇರುತ್ತದೆ, ಅಲ್ಲಿ ಕತ್ತರಿಸಿ ಎಳೆದರೆ ಸಾಕು. ಆದರೆ ಉದ್ದ ಕೂದಲು, ದಾರದ ಎಳೆ ಮೆಲ್ಲಗೆ ಪಕ್ಕಕ್ಕೆ ಸರಿದು ತುದಿಯ ಮುಚ್ಚಳದ ಒಳಗೆ ಸೇರುತ್ತದೆ. ರೋಲರ್ ಹೊರತೆಗೆದು ಆ ಮುಚ್ಚಳ ಎಳೆದು ನೋಡಿದರೆ ಬೇರಿಂಗ್ ಸುತ್ತ ಧೂಳಿನೊಂದಿಗೆ ಗಟ್ಟಿಯಾದ ಕಪ್ಪು ಬಳೆ ಕಾಣುತ್ತದೆ. ತಿರುಗುವಾಗ ಅದು ಉಜ್ಜಿ ಕಾವೇರುತ್ತದೆ, ಕೀಚು ದನಿ ಬರುತ್ತದೆ, ಕೊನೆಗೆ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಮೂತಿಯೇ ಹಾಳಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡೂ ತುದಿ ಬಿಚ್ಚಿ ಚಿಮುಟದಿಂದ ಕೂದಲು ತೆಗೆಯಿರಿ. ರೋಲರ್ ಸುಲಭವಾಗಿ ಬಿಚ್ಚಲು ಬಾರದ ಮೂತಿ ಇರುವ ಮೆಷಿನ್ ಬೆಕ್ಕಿರುವ ಮನೆಗೆ ಖಂಡಿತ ಬೇಡ.

ಕೈ, ಮಂಚ, ಗೋಡೆ

ಮೋಟಾರ್, ಬ್ಯಾಟರಿ, ಡಬ್ಬಿ ಮೂರೂ ಹಿಡಿಯ ಹತ್ತಿರವೇ ಇರುವ ಮಾದರಿಗಳೇ ಹೆಚ್ಚು. ಒಟ್ಟು ತೂಕ 2.5ರಿಂದ 3 ಕೆಜಿ. ನೆಲದ ಮೇಲೆ ಓಡಿಸುವಾಗ ಆ ತೂಕ ಅಷ್ಟಾಗಿ ಗೊತ್ತಾಗುವುದಿಲ್ಲ. ಜೇಡರಬಲೆ ತೆಗೆಯಲು ಮೇಲಕ್ಕೆತ್ತಿದಾಗ ಎಲ್ಲವೂ ಮಣಿಕಟ್ಟಿನ ಮೇಲೆ ಬೀಳುತ್ತದೆ. ಭುಜದ ಮಟ್ಟಕ್ಕೆ ಎತ್ತಿ ಒಂದೇ ಕೈಯಲ್ಲಿ ಒಂದು ನಿಮಿಷ ಹಿಡಿದು ನೋಡಿ. ಗುಂಡಿಯನ್ನು ಬೆರಳಲ್ಲಿ ಒತ್ತಿ ಹಿಡಿದೇ ಇರಬೇಕೋ, ಒಮ್ಮೆ ಒತ್ತಿದರೆ ಸಾಕೋ ಎಂಬುದನ್ನೂ ಗಮನಿಸಿ. ಬೆರಳ ಗಂಟು ನೋವಿರುವವರಿಗೆ ಅದೊಂದೇ ನಿರ್ಣಾಯಕ.

ಮಂಚದ ಕೆಳಗಿನ ಸಂದಿಯನ್ನು ಅಳೆದುಕೊಂಡು ಅಂಗಡಿಗೆ ಹೋಗಿ. ಮೂತಿ ತೂರಿದರೆ ಸಾಲದು, ಕೊಳವೆ ನೆಲಕ್ಕೆ ಒರಗುವಷ್ಟು ಬಾಗಬೇಕು. ಇಲ್ಲದಿದ್ದರೆ ಮೂತಿಯ ಮುಂಭಾಗ ಮೇಲೆದ್ದು ಗಾಳಿ ಸೋರುತ್ತದೆ.

ಮತ್ತೆ, ಈ ಮೆಷಿನ್ ಎಲ್ಲಿ ನಿಲ್ಲುತ್ತದೆ? ಬಹುತೇಕ ಮಾದರಿಗಳು ತಾವಾಗಿ ನಿಲ್ಲುವುದಿಲ್ಲ, ಗೋಡೆಗೆ ಕೊಂಡಿ ಬೇಕು, ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಬೇಕು. ಓಡಾಡುವ ಜಾಗದಲ್ಲಿ ಇವೆರಡೂ ಒಟ್ಟಿಗೆ ಸಿಗದಿದ್ದರೆ ಅದು ಬೀರುವಿನೊಳಗೆ ಸೇರುತ್ತದೆ, ಸೇರಿದ ಮೇಲೆ ನಿಮ್ಮ ಹಳೆಯ ಮೆಷಿನ್ ಹಾಗೆಯೇ ತಿಂಗಳಿಗೊಮ್ಮೆ ಹೊರಗೆ ಬರುತ್ತದೆ. ಕೊಳ್ಳುವ ಮೊದಲು ಆ ಜಾಗ ಗೊತ್ತು ಮಾಡಿಕೊಳ್ಳಿ.

ಕೆಡುವುದು ಹೇಗೆ

ಎಳೆತ ಕಡಿಮೆಯಾಯಿತು ಎಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಫಿಲ್ಟರ್. ಕಟ್ಟಿಕೊಂಡಾಗ ಮೋಟಾರ್ ಒಂದೇ ಸಮನೆ ಓಡದೆ ತಡೆತಡೆದು ಓಡುತ್ತದೆ, ದನಿ ತೆಳ್ಳಗಾಗುತ್ತದೆ. ತೊಳೆಯಬಹುದಾದ ಫಿಲ್ಟರನ್ನು ತಿಂಗಳಿಗೊಮ್ಮೆ ತಣ್ಣೀರಿನಲ್ಲಿ, ಸೋಪಿಲ್ಲದೆ, ನೀರು ತಿಳಿಯಾಗುವವರೆಗೆ ತೊಳೆದು 24 ಗಂಟೆ ಗಾಳಿಗೆ ಆರಿಸಿ. ಹೇರ್ ಡ್ರೈಯರ್ ಬೇಡ, ಶಾಖಕ್ಕೆ ಮಡಿಕೆಗಳು ಸೊಟ್ಟಗಾಗುತ್ತವೆ. ಹಸಿ ಇದ್ದಾಗಲೇ ಹಾಕಿದರೆ ಮುಗ್ಗಲು ವಾಸನೆ ಬರುತ್ತದೆ, ತೇವ ಮೋಟಾರಿಗೂ ಇಳಿಯುತ್ತದೆ. ಇನ್ನೊಂದು ಫಿಲ್ಟರ್ ಇಟ್ಟುಕೊಂಡರೆ ಈ ಒಂದು ದಿನದ ಕಾಯುವಿಕೆ ಇರುವುದಿಲ್ಲ.

ಸಿಮೆಂಟ್ ಧೂಳು, ಗೋಡೆ ಉಜ್ಜಿದ ಪುಡಿ, ಬೂದಿ ಇವುಗಳನ್ನು ಎಳೆಯಲೇಬೇಡಿ. ಅಷ್ಟು ನುಣುಪಾದದ್ದನ್ನು ಡಬ್ಬಿಯೊಳಗಿನ ಸುಳಿಗಾಳಿ ಬೇರ್ಪಡಿಸಲಾರದು, ನೇರವಾಗಿ ಫಿಲ್ಟರಿಗೆ ಹೋಗಿ ಕೆಲವೇ ನಿಮಿಷದಲ್ಲಿ ಕಟ್ಟುತ್ತದೆ. ಬೂದಿಯಲ್ಲಿ ಕೆಂಡ ಉಳಿದಿದ್ದರೆ ಬೆಂಕಿಯೇ ಹತ್ತಬಹುದು. ನೀರು ಚೆಲ್ಲಿದ ನೆಲಕ್ಕೂ ಇದು ಅಲ್ಲ.

ಮನೆಯಲ್ಲಿ ಯಾರಿಗಾದರೂ ಧೂಳಿನ ಅಲರ್ಜಿ ಇದ್ದರೆ ಒಂದು ಮಾತು. ಎಚ್13 ದರ್ಜೆಯ ಹೆಪಾ ಫಿಲ್ಟರ್, ಅದಕ್ಕೆ ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ ನೂರಕ್ಕೆ 99.95ರಷ್ಟನ್ನು ತಡೆಯುತ್ತದೆ. ಮೆಷಿನ್ನಿನ ಜೋಡಣೆಗಳಲ್ಲಿ ಗಾಳಿ ಸೋರಿದರೆ ಆ ದರ್ಜೆಗೆ ಅರ್ಥವಿಲ್ಲ. ಅದಕ್ಕಿಂತ ಮುಖ್ಯವಾಗಿ, ಡಬ್ಬಿ ಖಾಲಿ ಮಾಡುವ ಆ ಒಂದು ಕ್ಷಣದಲ್ಲಿ ಧೂಳು ಮುಖಕ್ಕೇ ಏಳುತ್ತದೆ. ಡಬ್ಬಿಯನ್ನು ಚೀಲದ ಆಳಕ್ಕೆ ಇಳಿಸಿ, ಚೀಲದ ಬಾಯಿ ಕೈಯಲ್ಲಿ ಬಿಗಿಹಿಡಿದು, ಆಮೇಲೆ ಮುಚ್ಚಳ ತೆರೆದು ಒಂದು ನಿಮಿಷ ಬಿಡಿ. ಅಲರ್ಜಿ ಜೋರಾಗಿದ್ದರೆ ನಮ್ಮ ಸಲಹೆ ಸ್ಟಿಕ್ ಅಲ್ಲ, ಒಳಗೆ ಚೀಲ ಇರುವ ದೊಡ್ಡ ಮೆಷಿನ್. ಅಲ್ಲಿ ಧೂಳು ಚೀಲದ ಸಮೇತ ಹೊರಗೆ ಹೋಗುತ್ತದೆ.

ಹಣ ಕೊಡುವ ಮೊದಲು ಬ್ಯಾಟರಿ, ಫಿಲ್ಟರ್, ರೋಲರ್ ಈ ಮೂರೂ ಬಿಡಿಯಾಗಿ ಸಿಗುತ್ತವೆಯೇ ವಿಚಾರಿಸಿ. ಬ್ಯಾಟರಿ ಗುಂಡಿ ಒತ್ತಿದರೆ ಕಳಚಿಕೊಳ್ಳುವಂಥದ್ದೇ ಇರಲಿ. ಸ್ಕ್ರೂ ಹಾಕಿ ಒಳಗೇ ಕೂರಿಸಿದ್ದಾದರೆ ಬ್ಯಾಟರಿ ಮುಗಿದ ದಿನ ಇಡೀ ಮೆಷಿನ್ ಮೂಲೆ ಸೇರುವ ಸಂಭವವೇ ಹೆಚ್ಚು. ಕೊಂಡ ಮೇಲೆ, ಜೋರಿನಲ್ಲಿ ಓಡಿಸಿದ ತಕ್ಷಣ ಚಾರ್ಜಿಗೆ ಹಾಕದೆ ಅರ್ಧ ಗಂಟೆ ತಣಿಯಲು ಬಿಡಿ, ಕಾವೇರಿದಾಗ ಚಾರ್ಜ್ ಮಾಡಿದರೆ ಸೆಲ್ ಬೇಗ ಸವೆಯುತ್ತದೆ. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ ಬಿಟ್ಟು, ಮೆಷಿನ್‌ನಿಂದ ಕಳಚಿ, ಬಿಸಿಲು ಬೀಳದ ಕಡೆ ಇಡಿ.