ಚಿತ್ರವಾಗದ ಮುಖವನ್ನು ಬಿಡಿಸುವುದು ಹೇಗೆ? ದಜಾಯ್ ಕಾದಂಬರಿ ಮತ್ತು ಇತೊ ಮಾಂಗಾ: ಅಧ್ಯಯನ ಟಿಪ್ಪಣಿ

ಒಸಾಮು ದಜಾಯ್ ಬರೆದ ‘ನಿಂಗೆನ್ ಶಿಕ್ಕಕು’ ಕಾದಂಬರಿಯನ್ನೂ ಅದನ್ನು ಆಧರಿಸಿ ಭಯಾನಕ ಕಥೆಗಳ ಚಿತ್ರಕಾರ ಜುಂಜಿ ಇತೊ ರಚಿಸಿದ ಮಾಂಗಾವನ್ನೂ (ಜಪಾನಿ ಕಾಮಿಕ್ಸ್) ಮೂರು ವಾರಗಳಿಂದ ಅಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೇನೆ. ಸಾಹಿತ್ಯ ಕೃತಿ ಕಾಮಿಕ್ಸ್ ಆಗುವ ಬಗೆಯನ್ನು ನನ್ನಂತೆಯೇ ಕಲಿಯುತ್ತಿರುವವರಿಗೆ ಉಪಯೋಗವಾಗಲಿ ಎಂದು, ನಾನು ಎಡವಿದ ಜಾಗ ಇನ್ನೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ. ಬಲದಿಂದ ಎಡಕ್ಕೆ ಓದುವ ಕ್ರಮ, ಮಾತಿನ ಗುಳ್ಳೆ, ನಿರೂಪಣೆಯ ಪಟ್ಟಿ ಮುಂತಾದವು ನಿಮಗೆ ಗೊತ್ತಿವೆ ಎಂದು ಭಾವಿಸಿದ್ದೇನೆ.

ಹಿನ್ನೆಲೆ

ದಜಾಯ್ 1909ರಲ್ಲಿ ಉತ್ತರ ಜಪಾನಿನ ಅಓಮೊರಿ ಪ್ರಾಂತದ ಜಮೀನ್ದಾರ ಮನೆತನದಲ್ಲಿ ಹುಟ್ಟಿದರು. ಕಾದಂಬರಿ 1948ರಲ್ಲಿ ‘ತೆನ್ಬೊ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿರುವಾಗಲೇ, ಜೂನ್ ತಿಂಗಳಿನಲ್ಲಿ, ಅವರು ಟೋಕಿಯೋದ ತಮಗಾವಾ ಕಾಲುವೆಯಲ್ಲಿ ಪ್ರಾಣ ಕಳೆದುಕೊಂಡರು. ಶೀರ್ಷಿಕೆಯನ್ನು ‘ಮನುಷ್ಯನಾಗಿರಲು ಅನರ್ಹ’ ಎಂದು ಕನ್ನಡಿಸಬಹುದು. ಮುನ್ನುಡಿ, ಮೂರು ನೋಟ್‌ಬುಕ್‌ಗಳು, ಹಿನ್ನುಡಿ ಎಂಬುದು ಅದರ ಕಟ್ಟಡ. ಮುನ್ನುಡಿ ಮತ್ತು ಹಿನ್ನುಡಿಯನ್ನು ಹೆಸರಿಲ್ಲದ ಒಬ್ಬ ಲೇಖಕ ಹೇಳುತ್ತಾನೆ, ನಡುವಿನ ಮೂರನ್ನು ಕಥಾನಾಯಕ ಓಬಾ ಯೋಜೊ ಬರೆದಿದ್ದಾನೆ. ಇತೊ 1963ರಲ್ಲಿ ಗಿಫು ಪ್ರಾಂತದಲ್ಲಿ ಹುಟ್ಟಿದವರು. ದಂತ ತಂತ್ರಜ್ಞರಾಗಿದ್ದು, 1987ರಲ್ಲಿ ‘ತೊಮಿಎ’ ಕಥೆಯ ಮೂಲಕ ಮಾಂಗಾಲೋಕಕ್ಕೆ ಬಂದರು. ಈ ರೂಪಾಂತರ 2017–18ರಲ್ಲಿ ‘ಬಿಗ್ ಕಾಮಿಕ್ ಒರಿಜಿನಲ್’ ಪತ್ರಿಕೆಯಲ್ಲಿ ಪ್ರಕಟವಾಗಿ ಮೂರು ಸಂಪುಟಗಳಾಯಿತು.

ನಾನು ಎಡವಿದ ಜಾಗ

ಮುನ್ನುಡಿಯ ಲೇಖಕ ಯೋಜೊನ ಮೂರು ಫೋಟೋಗಳನ್ನು ನೋಡುತ್ತಾನೆ. ಒಂದು ಬಾಲ್ಯದ್ದು, ಒಂದು ವಿದ್ಯಾರ್ಥಿಯಾಗಿದ್ದಾಗಿನದು, ಕೊನೆಯದು ವಯಸ್ಸೇ ತಿಳಿಯದಂಥದ್ದು. ಈ ಮೂರನೆಯ ಫೋಟೋದ ಕೋಣೆಯ ಗೋಡೆಯೂ ಕೆಂಡದ ಬುಟ್ಟಿಯೂ ನೆನಪಿನಲ್ಲಿ ಉಳಿಯುತ್ತವೆ, ಆದರೆ ಕಣ್ಣು ಮುಚ್ಚಿದ ಕೂಡಲೇ ಮುಖ ಮಂಜಿನಂತೆ ಕರಗಿಹೋಗುತ್ತದೆ; ಇದು ಚಿತ್ರವಾಗದ ಮುಖ, ಮಾಂಗಾ ಕೂಡ ಆಗದ ಮುಖ ಎಂದು ಅವನು ಬರೆಯುತ್ತಾನೆ. ಈ ಸಾಲನ್ನು ಮೊದಲ ಓದಿನಲ್ಲಿ ದಾಟಿಹೋಗಿದ್ದ ನಾನು, ಇತೊ ಪುಟಗಳನ್ನು ತೆರೆದ ಮೇಲೆ ಹಿಂದಿರುಗಿ ಬಂದು ಅದರ ಮುಂದೆ ಬಹಳ ಹೊತ್ತು ಕುಳಿತೆ. ಮಾಂಗಾ ಆಗಲಾರದು ಎಂದು ಕಾದಂಬರಿಯೇ ಸಾರಿರುವ ಮುಖವನ್ನು ಮಾಂಗಾಕಾರ ನೂರಾರು ಚೌಕಟ್ಟುಗಳಲ್ಲಿ ಬಿಡಿಸಲೇಬೇಕು. ಯೋಜೊ ಹೊಟ್ಟೆಪಾಡಿಗಾಗಿ ಮಕ್ಕಳ ಪತ್ರಿಕೆಗೆ ಮಾಂಗಾ ಬರೆದುಕೊಡುವವನೂ ಆಗುತ್ತಾನೆ ಎಂಬುದನ್ನು ಸೇರಿಸಿಕೊಂಡರೆ ಈ ಸಾಲಿನ ತೂಕ ಇನ್ನೂ ಹೆಚ್ಚುತ್ತದೆ.

ನನ್ನ ಗೊಂದಲವೆಂದರೆ, ನೋಟ್‌ಬುಕ್‌ಗಳ ಒಳಗೆ ಯೋಜೊನ ಮುಖವನ್ನು ನಾನು ಎಲ್ಲಿ ನೋಡಿದೆ ಎಂಬುದೇ ನನಗೆ ಹೊಳೆಯುತ್ತಿರಲಿಲ್ಲ. ಅವನ ಮುಖ ನನಗೆ ಚೆನ್ನಾಗಿ ಗೊತ್ತಿದೆ ಎಂಬ ಭಾವನೆ ಗಟ್ಟಿಯಾಗಿತ್ತು, ಹುಡುಕಿದರೆ ಆಧಾರ ಸಿಗುತ್ತಿರಲಿಲ್ಲ. ಇದನ್ನು ಬಿಡಿಸಿಕೊಳ್ಳಲು ಒಂದು ಸರ್ವನಾಮ ನೆರವಾಯಿತು. ಮುನ್ನುಡಿಯ ಲೇಖಕ ತನ್ನನ್ನು ‘ವತಾಶಿ’ ಎಂದು ಕರೆದುಕೊಳ್ಳುತ್ತಾನೆ, ಅದು ಸಾಮಾನ್ಯವಾದ ‘ನಾನು’. ಯೋಜೊ ಬಳಸುವುದು ‘ಜಿಬುನ್’. ಡೊನಾಲ್ಡ್ ಕೀನ್ ಅವರ 1958ರ ಇಂಗ್ಲಿಷ್ ಅನುವಾದದಲ್ಲಿ ಎರಡೂ ಒಂದೇ ಪದವಾಗಿಬಿಡುವುದರಿಂದ ಈ ವ್ಯತ್ಯಾಸ ಅಲ್ಲಿ ಕಾಣುವುದಿಲ್ಲ. ಕನ್ನಡ ಬಲ್ಲವರಿಗೆ ಇದನ್ನು ಹಿಡಿಯುವುದು ಸುಲಭ, ಏಕೆಂದರೆ ನಮ್ಮಲ್ಲಿ ‘ತಾನು’ ಇದೆ. ಮೊದಲ ನೋಟ್‌ಬುಕ್ಕಿನ ಆರಂಭದಲ್ಲಿ ಬರುವ ಮಾತನ್ನು ‘ನನಗೆ ಮನುಷ್ಯರ ಬದುಕು ಎಂಬುದೇ ಅಂದಾಜಿಗೆ ಸಿಗುವುದಿಲ್ಲ’ ಎಂದು ಒಮ್ಮೆ, ‘ತನಗೆ ಮನುಷ್ಯರ ಬದುಕು ಎಂಬುದೇ ಅಂದಾಜಿಗೆ ಸಿಗುವುದಿಲ್ಲ’ ಎಂದು ಮತ್ತೊಮ್ಮೆ ಗಟ್ಟಿಯಾಗಿ ಓದಿ ನೋಡಿ. ಎರಡನೆಯದರಲ್ಲಿ ಮಾತನಾಡುವವನು ತನ್ನಿಂದ ಒಂದು ಹೆಜ್ಜೆ ದೂರ ನಿಂತು ತನ್ನನ್ನೇ ವರದಿ ಮಾಡುತ್ತಿರುವಂತೆ ಕೇಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ‘ತಾನು’ ಬರಬೇಕಾದರೆ ಕನ್ನಡದಲ್ಲಿ ಆ ವ್ಯಕ್ತಿ ಸಾಮಾನ್ಯವಾಗಿ ಮೊದಲೇ ಪ್ರಸ್ತಾಪವಾಗಿರಬೇಕು, ‘ಜಿಬುನ್’ ಅಂಥ ಆಸರೆಯಿಲ್ಲದೆ ನೇರವಾಗಿ ‘ನಾನು’ ಎಂಬ ಅರ್ಥದಲ್ಲಿಯೂ ನಿಲ್ಲುತ್ತದೆ, ಆದ್ದರಿಂದ ಎರಡನ್ನೂ ಸಮಾನಪದಗಳೆಂದು ಬರೆದುಕೊಳ್ಳಬೇಡಿ. ಆದರೂ ಆ ಒಂದು ಹೆಜ್ಜೆಯ ದೂರ ಕಿವಿಗೆ ಬಿದ್ದ ಮೇಲೆ ನನಗೆ ದಾರಿ ಕಂಡಿತು. ಯೋಜೊನ ಮುಖ ಗೊತ್ತಿದೆ ಎಂದು ನನಗೆ ಅನ್ನಿಸಿದ್ದು, ತಾನು ಇತರರಿಗೆ ಹೇಗೆ ಕಾಣುತ್ತಿದ್ದೇನೆ ಎಂಬುದನ್ನು ಅವನೇ ಎಡೆಬಿಡದೆ ಲೆಕ್ಕ ಹಾಕುತ್ತಿರುವುದರಿಂದ. ಮನುಷ್ಯರ ಬಗೆಗಿನ ಹೆದರಿಕೆಯನ್ನು ಮರೆಮಾಚಲು ಅವನು ಕಟ್ಟಿಕೊಂಡ ವಿದೂಷಕನ ವೇಷವನ್ನು ನಾನು ಅವನ ಲೆಕ್ಕಾಚಾರದ ಮೂಲಕ ಕಂಡಿದ್ದೆ.

ಒಳದಾರಿ

ಇದರಿಂದ ನನಗೆ ಸಿಕ್ಕಿದ ಒಳದಾರಿಯೊಂದಿದೆ, ಅದನ್ನು ಈಗ ಪ್ರತಿ ರೂಪಾಂತರಕ್ಕೂ ಬಳಸುತ್ತಿದ್ದೇನೆ: ಪ್ರತಿ ಚೌಕಟ್ಟಿನ ಕೆಳಗೆ ಪೆನ್ಸಿಲಿನಲ್ಲಿ ‘ನೋಡುತ್ತಿರುವವರು ಯಾರು?’ ಎಂಬ ಪ್ರಶ್ನೆಗೆ ಉತ್ತರವನ್ನು ಬರೆಯುವುದು. ಉದಾಹರಣೆಗೆ ಕಾದಂಬರಿಯ ವ್ಯಾಯಾಮ ತರಗತಿಯ ದೃಶ್ಯವನ್ನು ತೆಗೆದುಕೊಳ್ಳಿ. ಯೋಜೊ ಅಡ್ಡಕಂಬಿಯತ್ತ ಜಿಗಿದು, ಬೇಕೆಂದೇ ಮರಳಿನ ಮೇಲೆ ಕುಕ್ಕರಿಸಿ ಬೀಳುತ್ತಾನೆ, ಎಲ್ಲರೂ ನಗುತ್ತಾರೆ, ಅಷ್ಟರಲ್ಲಿ ಯಾರ ಲೆಕ್ಕಕ್ಕೂ ಇಲ್ಲದ ತಕೆಇಚಿ ಎಂಬ ಹುಡುಗ ಹಿಂದಿನಿಂದ ಬೆನ್ನು ತಿವಿದು ‘ಬೇಕೆಂದೇ, ಬೇಕೆಂದೇ’ ಎಂದು ಪಿಸುಗುಟ್ಟುತ್ತಾನೆ, ಯೋಜೊನ ಕಣ್ಣೆದುರು ಜಗತ್ತೆಲ್ಲ ನರಕದ ಬೆಂಕಿಯಲ್ಲಿ ಹೊತ್ತಿ ಉರಿಯುತ್ತದೆ. ಗದ್ಯದಲ್ಲಿ ಇದೆಲ್ಲ ಒಬ್ಬನದೇ ದನಿಯಲ್ಲಿ ಸಾಗುತ್ತದೆ. ಚೌಕಟ್ಟುಗಳಾಗಿ ಒಡೆದ ಕೂಡಲೇ ಮೂರು ಕಣ್ಣುಗಳು ಬೇಕಾಗುತ್ತವೆ. ಬೀಳುವ ಯೋಜೊನನ್ನು ನೋಡುವುದು ತರಗತಿ, ಅವನ ಬೆನ್ನನ್ನು ನೋಡುವುದು ತಕೆಇಚಿ, ಬೆಂಕಿಯನ್ನು ನೋಡುವುದು ಯೋಜೊ ಒಬ್ಬನೇ. ಮೂರನೆಯ ಚೌಕಟ್ಟಿಗೆ ಬಂದಾಗ ಭಯಾನಕ ಮಾಂಗಾದ ಕಲಾವಿದ ಏನನ್ನೂ ಹೊಸದಾಗಿ ಸೇರಿಸಬೇಕಾಗಿಲ್ಲ, ಬೆಂಕಿ ಮೂಲದಲ್ಲೇ ಇದೆ.

ಇದಕ್ಕೆ ಪುಟ ತಿರುವಿನ ಲೆಕ್ಕವನ್ನೂ ಸೇರಿಸಿಕೊಳ್ಳಿ. ಜಪಾನಿ ಪುಸ್ತಕದಲ್ಲಿ ಎಡಪುಟದ ಕೆಳಗಿನ ಎಡಮೂಲೆಯ ಚೌಕಟ್ಟೇ ಹಾಳೆ ತಿರುವುವ ಮುನ್ನಿನ ಕೊನೆಯದು. ಪಿಸುಮಾತನ್ನು ಅಲ್ಲಿಟ್ಟು ಬೆಂಕಿಯನ್ನು ಮರುಪುಟಕ್ಕಿಟ್ಟರೆ, ಅದನ್ನು ಬರಮಾಡಿಕೊಂಡದ್ದು ಓದುಗನ ಕೈಯೇ ಆಗುತ್ತದೆ.

ದೆವ್ವದ ಚಿತ್ರಗಳು

ಭಯಾನಕ ಮಾಂಗಾಕಾರನೊಬ್ಬ ಗಂಭೀರ ಸಾಹಿತ್ಯ ಕೃತಿಯನ್ನು ಮುಟ್ಟಿದಾಗ ಹೊರಗಿನಿಂದ ದೆವ್ವಗಳನ್ನು ತಂದು ತುರುಕಿದ್ದಾನೆ ಎಂಬ ಆಕ್ಷೇಪ ಸಹಜ, ನನಗೂ ಅದು ಇತ್ತು. ಎರಡನೆಯ ನೋಟ್‌ಬುಕ್ಕನ್ನು ಮತ್ತೆ ಓದಿದ ಮೇಲೆ ಅದನ್ನು ಕೈಬಿಟ್ಟೆ. ತಕೆಇಚಿ ಒಂದು ದಿನ ವ್ಯಾನ್ ಗೋ ಸ್ವಚಿತ್ರದ ಬಣ್ಣದ ಮುದ್ರಣವೊಂದನ್ನು ತಂದು, ಇದು ದೆವ್ವದ ಚಿತ್ರ ಎನ್ನುತ್ತಾನೆ. ಮನುಷ್ಯರಿಗೆ ವಿಪರೀತ ಹೆದರುವವರೇ ಭೀಕರ ರೂಪಗಳನ್ನು ಕಣ್ಣಾರೆ ಕಾಣಲು ಹಾತೊರೆಯುತ್ತಾರೆ, ಈ ಚಿತ್ರಕಾರರು ಹಗಲಿನಲ್ಲೇ ದೆವ್ವಗಳನ್ನು ಕಂಡು, ವಿದೂಷಕತನದಿಂದ ಮರೆಮಾಚದೆ ಕಂಡದ್ದನ್ನು ಕಂಡಂತೆ ಬಿಡಿಸಿದರು ಎಂದು ಯೋಜೊ ಆಗ ಯೋಚಿಸುತ್ತಾನೆ. ತಾನೂ ದೆವ್ವಗಳನ್ನೇ ಬಿಡಿಸುತ್ತೇನೆ ಎಂದು ನಿರ್ಧರಿಸಿ ಗುಟ್ಟಾಗಿ ಸ್ವಚಿತ್ರಗಳನ್ನು ಬರೆಯುತ್ತಾನೆ. ಭಯಾನಕ ಚಿತ್ರಕಲೆ ಏಕೆ ಬೇಕು ಎಂಬುದಕ್ಕೆ ಇಷ್ಟು ನೇರವಾದ ಉತ್ತರ ಈ ಕಾದಂಬರಿಯಲ್ಲೇ ಸಿಕ್ಕಿದ್ದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿತು. ಇತೊ ಯೋಜೊನ ಭ್ರಮೆಗಳನ್ನು ರೂಪವುಳ್ಳ ದೆವ್ವಗಳಾಗಿಯೇ ಬಿಡಿಸುವುದನ್ನು ಈ ಬೆಳಕಿನಲ್ಲಿ ಓದಬೇಕು.

ಅವರು ಕಥೆಯನ್ನು ಬದಲಿಸಿಯೂ ಇದ್ದಾರೆ. ಮಾಂಗಾ ಆರಂಭವಾಗುವುದು ದಜಾಯ್ ಅವರ ಸಾವಿನಿಂದ. ತಕೆಇಚಿ ಇಲ್ಲಿ ತನ್ನ ಜೀವ ತಾನೇ ತೆಗೆದುಕೊಂಡು, ಪ್ರೇತವಾಗಿ ಯೋಜೊನ ಬೆನ್ನು ಹತ್ತುತ್ತಾನೆ. ಮೊದಲನೆಯದನ್ನು ನಾನು ಒಪ್ಪುತ್ತೇನೆ. ಎರಡನೆಯದರ ಬಗ್ಗೆ ನನಗೆ ತಕರಾರಿದೆ: ಮೂಲದ ತಕೆಇಚಿ ಗುಟ್ಟು ತಿಳಿದೂ ಏನನ್ನೂ ಮಾಡದೆ ಕಥೆಯಿಂದ ಸರಿದುಹೋಗುತ್ತಾನೆ, ಆ ಸುಮ್ಮನಿರುವಿಕೆಯ ಹೆದರಿಕೆ ಪ್ರೇತದ ಹೆದರಿಕೆಗಿಂತ ಆಳವಾದದ್ದು.

ಫ್ರಾಂಕೆನ್‌ಸ್ಟೈನ್ ಜೊತೆ ಹೋಲಿಕೆ

ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನೂ ಇತೊ ಮಾಂಗಾ ಮಾಡಿದ್ದಾರೆ, ಅದಕ್ಕೆ 2019ರಲ್ಲಿ ಅನ್ಯ ಮಾಧ್ಯಮದಿಂದ ಮಾಡಿದ ಅತ್ಯುತ್ತಮ ರೂಪಾಂತರಕ್ಕಾಗಿ ಕಾಮಿಕ್ಸ್ ಕ್ಷೇತ್ರದ ಐಸ್ನರ್ ಪ್ರಶಸ್ತಿ ಬಂತು. ಅಲ್ಲಿನ ತೊಡಕು ಇದರ ತಿರುವು ಮುರುವು. ಶೆಲ್ಲಿಯ ಕೃತಿಯಲ್ಲಿ ಕುರುಡು ಮುದುಕ ಡಿ ಲೇಸಿ, ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದ ಭೀಕರ ಮುಖದ ಜೀವಿಯ ಮಾತನ್ನು ಆದರದಿಂದ ಕೇಳುತ್ತಾನೆ, ಗದ್ಯದ ಓದುಗನೂ ಆ ಜೀವಿಯ ಆತ್ಮಕಥೆ ಕೇಳುವಷ್ಟು ಹೊತ್ತು ಅವನಂತೆಯೇ ಕುರುಡ. ಕಾಮಿಕ್ಸಿನ ಓದುಗನಿಗೆ ಆ ಕುರುಡುತನ ಸಿಗುವುದಿಲ್ಲ, ಅವನು ಮುಖವನ್ನು ಮೊದಲೇ ಕಂಡಿರುತ್ತಾನೆ. ಯೋಜೊನಿಗೆ ಮುಖ ಕೊಡುವುದು ಕಷ್ಟವಾದರೆ, ಇಲ್ಲಿ ಮುಖವನ್ನು ಬಚ್ಚಿಡುವುದು ಕಷ್ಟ.

ಉಳಿದಿರುವ ಅಭ್ಯಾಸ

ಹಿನ್ನುಡಿಯಲ್ಲಿ ಬಾರಿನ ಒಡತಿಯೊಬ್ಬಳು, ನಾವು ಬಲ್ಲ ಯೋಜೊ ದೇವರಂಥ ಒಳ್ಳೆಯ ಹುಡುಗನಾಗಿದ್ದ ಎನ್ನುತ್ತಾಳೆ. ಆ ಮಾತಿಗೆ ಒಂದು ಚೌಕಟ್ಟು ಬರೆಯಲು ಈ ವಾರ ಪ್ರಯತ್ನಿಸುತ್ತಿದ್ದೇನೆ. ನೋಡುತ್ತಿರುವವರು ಯಾರು ಎಂಬುದಕ್ಕೆ ಉತ್ತರ ಸುಲಭ, ಅವಳೇ. ಆದರೆ ನೋಟ್‌ಬುಕ್‌ಗಳನ್ನೂ ಫೋಟೋಗಳನ್ನೂ ಲೇಖಕನ ಕೈಗೆ ಕೊಟ್ಟವಳೂ ಅವಳೇ ಆದ್ದರಿಂದ, ಅವಳ ಕಣ್ಣಿನಲ್ಲಿ ಉಳಿದ ಮುಖ ಆ ಮೂರನೆಯ ಫೋಟೋದ ಮುಖವೋ, ಬೇರೆಯದೋ ಎಂಬಲ್ಲಿ ನನ್ನ ಪೆನ್ಸಿಲು ನಿಂತಿದೆ. ಸದ್ಯಕ್ಕೆ ಗೋಡೆಯನ್ನೂ ಕೆಂಡದ ಬುಟ್ಟಿಯನ್ನೂ ಬಿಡಿಸಿದ್ದೇನೆ.