ಮಿಶ್ರ ಕಲಿಕೆ: ಸಾಮಾಜಿಕ ಜಾಲತಾಣದ ಅಭಿಪ್ರಾಯಗಳನ್ನು ವಿಶ್ಲೇಷಿಸುವ ಬಗೆ

ಒಂದೇ ಕೋರ್ಸಿನೊಳಗೆ ತರಗತಿಯ ಪಾಠವನ್ನೂ ಆನ್‌ಲೈನ್ ಪಾಠವನ್ನೂ ಯೋಜನಾಬದ್ಧವಾಗಿ ಸೇರಿಸುವ ಕ್ರಮವೇ ಮಿಶ್ರ ಕಲಿಕೆ. ಪ್ರತಿ ಕೋರ್ಸಿನ ಶೇ. 40ರವರೆಗಿನ ಭಾಗವನ್ನು ಆನ್‌ಲೈನಿನಲ್ಲಿ ಬೋಧಿಸಬಹುದೆಂಬ ಪರಿಕಲ್ಪನಾ ಟಿಪ್ಪಣಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಮೇ ತಿಂಗಳಲ್ಲಿ ಪ್ರಕಟಿಸಿ, ಅದರ ಬಗ್ಗೆ ಸಲಹೆಗಳನ್ನು ಕೇಳಿತು. ಅದು ಕೋವಿಡ್ ಎರಡನೇ ಅಲೆಯ ಕಾಲ. ಕಾಲೇಜುಗಳು ಮುಚ್ಚಿದ್ದವು, ನಡೆಯುತ್ತಿದ್ದದ್ದು ಬರೀ ಆನ್‌ಲೈನ್ ತರಗತಿ. ಆದ್ದರಿಂದ ಜಾಲತಾಣದಲ್ಲಿ ಬಂದ ಆ ತಿಂಗಳುಗಳ ಬರಹಗಳನ್ನು ‘ಆನ್‌ಲೈನ್ ಕ್ಲಾಸ್’ ಎಂಬ ಪದ ಹಿಡಿದು ಸಂಗ್ರಹಿಸಿದರೆ, ನಮಗೆ ಸಿಗುವುದು ಬಹುಮಟ್ಟಿಗೆ ಲಾಕ್‌ಡೌನಿನ ಬೇಸರವೇ ಹೊರತು ಮಿಶ್ರ ಕಲಿಕೆಯ ಬಗೆಗಿನ ಅಭಿಪ್ರಾಯವಲ್ಲ. ಈ ಎರಡನ್ನು ಬೇರ್ಪಡಿಸದೆ ಮುಂದಿನ ಯಾವ ಲೆಕ್ಕಕ್ಕೂ ಕೈಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಬರಹದಲ್ಲಿರುವುದು ಒಲವೋ ವಿರೋಧವೋ ಎಂದು ಯಂತ್ರದಿಂದ ಗುರುತಿಸುವ ಭಾವ ವಿಶ್ಲೇಷಣೆಗೆ ಹೊಸದಾಗಿ ಬಂದವರು ಮೊದಲು ಬಳಸುವ ಸಲಕರಣೆಗಳಲ್ಲಿ 2014ರ ‘ವೇಡರ್’ ಒಂದು. ಅದು ಪದಗಳಿಗೆ ಮೊದಲೇ ಕೊಟ್ಟಿರುವ ಅಂಕಗಳನ್ನು ಕೂಡಿಸಿ, ಇಡೀ ಬರಹಕ್ಕೆ −1ರಿಂದ +1ರ ನಡುವಿನ ಒಂದು ಅಂಕ ಕೊಡುತ್ತದೆ, ಸಾಮಾನ್ಯವಾಗಿ 0.05 ಮತ್ತು ಅದಕ್ಕಿಂತ ಹೆಚ್ಚಿನದನ್ನು ಒಲವು, −0.05 ಮತ್ತು ಅದಕ್ಕಿಂತ ಕಡಿಮೆಯದನ್ನು ವಿರೋಧ ಎಂದು ಎಣಿಸುತ್ತಾರೆ. ಆದರೆ ಅದರ ಪದಕೋಶ ಇಂಗ್ಲಿಷಿನದು. ಕನ್ನಡದಲ್ಲಿ ನಿಷೇಧವು ಬಹಳ ಸಲ ಪದದ ಕೊನೆಗೇ ಅಂಟಿಕೊಳ್ಳುವುದರಿಂದ, ‘ಚೆನ್ನಾಗಿದೆ’ ಮತ್ತು ‘ಚೆನ್ನಾಗಿಲ್ಲ’ ಎಂಬವುಗಳಲ್ಲಿ ಮೊದಲರ್ಧ ಒಂದೇ ಆಗಿದ್ದು ಅರ್ಥ ಮಾತ್ರ ತಿರುಗಿಬಿಡುತ್ತದೆ. ‘ಉಪಯೋಗ ಇಲ್ಲದೇನಿಲ್ಲ’ ಎಂಬಲ್ಲಿ ಎರಡು ನಿಷೇಧಗಳು ಸೇರಿ ಅರೆಮನಸ್ಸಿನ ಒಪ್ಪಿಗೆಯಾಗುತ್ತವೆ. ‘ಇಲ್ಲ’ಗಳನ್ನು ಎಣಿಸುವ ಯಂತ್ರ ಇದನ್ನು ಕಡು ವಿರೋಧವೆಂದೇ ಬರೆದುಕೊಳ್ಳುತ್ತದೆ. ಇದರ ಮೇಲೆ ರೋಮನ್ ಲಿಪಿಯ ಕನ್ನಡ ಬೇರೆ: ಅದಕ್ಕೆ ನಿಶ್ಚಿತ ಕಾಗುಣಿತವಿಲ್ಲ, ಒಂದೇ ಪದವನ್ನು ನಾಲ್ಕು ಜನ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. 2020ರಲ್ಲಿ ಪ್ರಕಟವಾದ ‘ಕ್ಯಾನ್‌ಸಿಎಂಡಿ’ ದತ್ತಸಂಗ್ರಹದಲ್ಲಿ ಕನ್ನಡ–ಇಂಗ್ಲಿಷ್ ಬೆರಕೆ ಭಾಷೆಯ 7,671 ಯೂಟ್ಯೂಬ್ ಪ್ರತಿಕ್ರಿಯೆಗಳಿವೆ. ಅದು ಶಿಕ್ಷಣಕ್ಕಾಗಿ ಸಂಗ್ರಹಿಸಿದ್ದಲ್ಲವಾದರೂ ಅಭ್ಯಾಸಕ್ಕೆ ನೆರವಾಗುತ್ತದೆ.

ಒಲವು, ವಿರೋಧ ಎಂಬ ಎರಡೇ ಚೀಟಿಗಳೂ ಸಾಲವು. ನಾನೇ ರಚಿಸಿಕೊಂಡ ಒಂದು ಮಾದರಿ ವಾಕ್ಯವನ್ನು ನೋಡಿ: ‘ವಿಡಿಯೊ ಎಷ್ಟು ಸಲ ಬೇಕಾದರೂ ನೋಡಬಹುದು, ಆದರೆ ಊರಲ್ಲಿ ನೆಟ್‌ವರ್ಕ್ ಸಿಗಲ್ಲ.’ ಇಲ್ಲಿ ಪಾಠದ ವಿಧಾನಕ್ಕೆ ಮೆಚ್ಚುಗೆಯಿದೆ, ದೂರಿರುವುದು ಸೌಲಭ್ಯದ ಮೇಲೆ. ಎರಡನ್ನೂ ಕೂಡಿಸಿ ‘ತಟಸ್ಥ’ ಎಂದು ಬರೆದರೆ ವಿದ್ಯಾರ್ಥಿ ಹೇಳಿದ ಎರಡು ಮಾತುಗಳೂ ಕಳೆದುಹೋಗುತ್ತವೆ. ಹಾಗಾಗಿ ಬೋಧನೆ, ಸಂಪರ್ಕ, ಪರೀಕ್ಷೆ, ಹಾಜರಿ ಎಂದು ಅಂಶಗಳನ್ನು ಬಿಡಿಸಿಕೊಂಡು, ಒಂದೊಂದಕ್ಕೂ ಬೇರೆ ಗುರುತು ಹಾಕಬೇಕು.

ಗುರುತು ಹಾಕುವವರು ಕನಿಷ್ಠ ಇಬ್ಬರಿರಲಿ. 100 ಬರಹಗಳಲ್ಲಿ 80ಕ್ಕೆ ಇಬ್ಬರೂ ಒಂದೇ ಗುರುತು ಹಾಕಿದರೆ ಹೊಂದಾಣಿಕೆ ಚೆನ್ನಾಗಿದೆ ಎನಿಸುತ್ತದೆ. ಆದರೆ ಇಬ್ಬರೂ 60ಕ್ಕೆ ವಿರೋಧ, 40ಕ್ಕೆ ಒಲವು ಎಂದು ಬರೆದಿದ್ದರೆ, ಕಣ್ಣುಮುಚ್ಚಿ ಬರೆದರೂ (0.6 × 0.6) + (0.4 × 0.4) = 0.36 + 0.16, ಅಂದರೆ 0.52ರಷ್ಟು ಹೊಂದಾಣಿಕೆ ತಾನಾಗಿ ಬರುತ್ತದೆ. ‘ಕೋಹೆನ್‌ನ ಕಪ್ಪಾ’ ಎಂಬ ಅಳತೆ (1 ಎಂದರೆ ಪೂರ್ಣ ಹೊಂದಾಣಿಕೆ) ಈ ಆಕಸ್ಮಿಕ ಭಾಗವನ್ನು ಕಳೆಯುತ್ತದೆ: (0.80 − 0.52) ÷ (1 − 0.52) = 0.58. ಇಷ್ಟೇ ಬಂದಾಗ, ಭಿನ್ನವಾಗಿ ಗುರುತಿಸಿದ ಆ 20 ಬರಹಗಳನ್ನು ಇಬ್ಬರೂ ಕುಳಿತು ಓದಿ, ಗುರುತು ಹಾಕುವ ನಿಯಮವನ್ನೇ ತಿದ್ದಿಕೊಳ್ಳಬೇಕು. ಅಂತಿಮ ವರದಿಯಲ್ಲಿ ಶೇಕಡಾವಾರು ಕೊಡುವಾಗ, ಅದು ಜಾಲತಾಣದಲ್ಲಿ ಬರೆದವರ ಶೇಕಡಾವಾರು ಎಂದು ಅದೇ ಸಾಲಿನಲ್ಲಿ ಬರೆಯಿರಿ; ನೆಟ್‌ವರ್ಕ್ ಸಿಗದೆ ಪಾಠ ತಪ್ಪಿಸಿಕೊಂಡ ವಿದ್ಯಾರ್ಥಿಯ ದೂರು ಅದೇ ಕಾರಣಕ್ಕೆ ನಮ್ಮ ಸಂಗ್ರಹಕ್ಕೂ ಬಂದಿರಲಾರದು.