ಬಾಗಿಲಿಗೆ ಅಂಟಿಸಿ ಹೋದ ವಿಪ್

ಕೆಲವು ವರ್ಷಗಳ ಹಿಂದೆ ಒಬ್ಬ ಪುರಸಭೆ ಸದಸ್ಯೆ ನನ್ನ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಒಂದು ಹಾಳೆ, ಅದರ ನಾಲ್ಕು ಮೂಲೆಯಲ್ಲೂ ಒಣಗಿದ ಗೋಂದು. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ. ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲಿಗೆ ಅಂಟಿಸಿ, ಫೋಟೊ ತೆಗೆದು, ಪಕ್ಕದ ಮನೆಯವರ ಸಹಿ ಹಾಕಿಸಿಕೊಂಡು ಹೋಗಿದ್ದರು. ಅಧ್ಯಕ್ಷರ ಚುನಾವಣೆಯಲ್ಲಿ ಇಂಥವರಿಗೇ ಕೈ ಎತ್ತಬೇಕು ಅಂತ ಬರೆದಿತ್ತು. 'ಸರ್, ನನ್ನ ವಾರ್ಡಿಗೆ ನೀರು ಬಿಡಿಸಿದ್ದು ಆ ಕಡೆಯವರು. ನಾನೇನು ಮಾಡಲಿ?' ಎಂದರು.

ಪಕ್ಷಗಳು ಶಾಸಕರನ್ನು ಹೇಗೆ ಹಿಡಿದಿಡುತ್ತವೆ ಎಂದು ಕೇಳಿದರೆ ಜನ ದುಡ್ಡು, ರೆಸಾರ್ಟು ಅನ್ನುತ್ತಾರೆ. ಅದೂ ಇದೆ. ಆದರೆ ಅದಕ್ಕಿಂತ ಬಿಗಿಯಾದ ಹಿಡಿತ ಕಾನೂನಿನಲ್ಲೇ ಇದೆ. 1985ರಲ್ಲಿ ಬಂದ ಸಂವಿಧಾನದ ಹತ್ತನೇ ಶೆಡ್ಯೂಲ್ ಪ್ರಕಾರ, ವಿಪ್ ಮೀರಿ ಮತ ಹಾಕಿದರೂ, ಸುಮ್ನೆ ಗೈರಾದರೂ ಸ್ಥಾನ ಹೋಗಬಹುದು. 15 ದಿನದೊಳಗೆ ಪಕ್ಷ ಮನ್ನಿಸಿದರೆ ಮಾತ್ರ ಬಚಾವ್. ಇದೇ ನಿಯಮವನ್ನು ನಮ್ಮ ರಾಜ್ಯ 1987ರ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೂ ತಂದಿತು. ಆ ಸದಸ್ಯೆ ಹೆದರಿದ್ದು ಅದಕ್ಕೇ.

ಶಾಸಕರ ವಿಷಯದಲ್ಲಿ ಅನರ್ಹತೆ ತೀರ್ಮಾನಿಸುವವರು ಸ್ಪೀಕರ್. ಅವರೂ ಒಂದು ಪಕ್ಷದಿಂದಲೇ ಗೆದ್ದು ಬಂದವರು, ಅಲ್ವಾ? ಹತ್ತನೇ ಶೆಡ್ಯೂಲನ್ನೇ ಪ್ರಶ್ನಿಸಿದ್ದ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ, 1992ರಲ್ಲಿ, ಸುಪ್ರೀಂ ಕೋರ್ಟಿನ ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಇದನ್ನೇ ಎತ್ತಿ ಹೇಳಿದ್ದರು: ಸದನದ ಬಹುಮತದ ಮೇಲೆ ನಿಂತಿರುವವರ ಕೈಗೆ ಈ ಅಧಿಕಾರ ಕೊಡಬೇಡಿ. ಅವರ ಮಾತು ಗೆಲ್ಲಲಿಲ್ಲ. 2010ರ ಅಕ್ಟೋಬರ್‌ನಲ್ಲಿ, ಯಡಿಯೂರಪ್ಪನವರ ವಿಶ್ವಾಸಮತದ ಹಿಂದಿನ ದಿನ, ಸ್ಪೀಕರ್ ಬೋಪಯ್ಯ, ಅವರ ವಿರುದ್ಧ ತಿರುಗಿಬಿದ್ದಿದ್ದ 16 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ವಿಶ್ವಾಸಮತ ಮುಗಿದು ತಿಂಗಳುಗಳಾಗಿದ್ದವು. 2019ರಲ್ಲಿ ಅನರ್ಹರಾದ 17 ಶಾಸಕರ ಕಥೆ ಬೇರೆ: ಕೋರ್ಟ್ ಅನರ್ಹತೆ ಎತ್ತಿಹಿಡಿದರೂ ಚುನಾವಣೆಗೆ ನಿಲ್ಲಲು ಬಿಟ್ಟಿತು. ಹೊಸ ಪಕ್ಷದ ಟಿಕೆಟ್ ಪಡೆದ 13 ಜನರಲ್ಲಿ 11 ಮಂದಿ ಗೆದ್ದರು. ನಿಷ್ಠೆಯಿಂದ ಇದ್ದವನನ್ನು ಬೆದರಿಸುವ ಕಾನೂನು, ಹಾರಿ ಹೋಗುವವನನ್ನು ತಡೆಯಲಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ನ್ಯಾಯಾಧೀಶರಿಗೆ ವಿಪ್ ಇಲ್ಲ. ಆದರೆ ಬಡ್ತಿ ಇದೆ, ವರ್ಗಾವಣೆ ಇದೆ, ನಿವೃತ್ತಿಯ ನಂತರದ ಹುದ್ದೆ ಇದೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಬಂಧನವಾದದ್ದು ಬೆಂಗಳೂರಿನಲ್ಲಿ. ಅವರ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದ ನಮ್ಮ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಅವರಿಗೆ ಅಲಹಾಬಾದಿಗೂ, ಸದಾನಂದಸ್ವಾಮಿ ಅವರಿಗೆ ಗುವಾಹಟಿಗೂ ವರ್ಗವಾಯಿತು. ಅದಕ್ಕೂ ಮೊದಲು, 1973ರಲ್ಲಿ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು ಬಂದ ಬೆನ್ನಲ್ಲೇ ಕನ್ನಡಿಗ ಕೆ.ಎಸ್. ಹೆಗ್ಡೆ ಸೇರಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ ಎ.ಎನ್. ರೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಮೂವರೂ ರಾಜೀನಾಮೆ ಕೊಟ್ಟರು.

ಈಗ ನ್ಯಾಯಮೂರ್ತಿಗಳ ಹೆಸರು ಸೂಚಿಸುವುದು ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಮಂಡಳಿ. ಆದರೆ ಫೈಲು ಸರ್ಕಾರದ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತರೆ ಅದೂ ಒಂದು ಸೂಚನೆಯೇ. ನಿವೃತ್ತಿಯ ಕೆಲವೇ ತಿಂಗಳಲ್ಲಿ ರಾಜ್ಯಸಭೆ, ರಾಜ್ಯಪಾಲ ಹುದ್ದೆ ಸಿಕ್ಕ ನ್ಯಾಯಮೂರ್ತಿಗಳಿದ್ದಾರೆ. ಅವರ ತೀರ್ಪು ಅದಕ್ಕಾಗಿ ಬಂತು ಎಂದು ನಾನು ಹೇಳುವುದಿಲ್ಲ. ಕೇಸು ಸೋತ ಕಕ್ಷಿದಾರ ಹಾಗೆ ಕೇಳಿದಾಗ ಮಾತ್ರ ನನ್ನ ಬಳಿ ಉತ್ತರ ಇರುವುದಿಲ್ಲ. ಕನಿಷ್ಠ ಎರಡು ವರ್ಷದ ಅಂತರ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅನರ್ಹತೆಯ ಅಧಿಕಾರವನ್ನು ಸ್ಪೀಕರ್ ಬದಲು ಸ್ವತಂತ್ರ ಮಂಡಳಿಗೆ ಕೊಡುವ ಬಗ್ಗೆ ಸಂಸತ್ತು ಯೋಚಿಸಲಿ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಮುಂದಿನ ಸಲ ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಇದಕ್ಕೆ ನೀವು ಒಪ್ಪುತ್ತೀರಾ ಎಂದು ಕೇಳಿ. ಆ ಸದಸ್ಯೆ ವಿಪ್ ಹೇಳಿದಂತೆಯೇ ಕೈ ಎತ್ತಿದರು. ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ.